ಗಣರಾಜ್ಯದ ಕಲ್ಪನೆ: ಫ್ರೆಂಚ್ ಚಿಂತನೆ, ಮಂಗಳೂರು ಬಂದರು ಮತ್ತು ತುಳು ಪಾಡ್ದನ

1

ರಾಜಕೀಯ ಚಿಂತನೆಯಲ್ಲಿ ಬಳಕೆಯಾಗುವ ಪಾರಿಭಾಷಿಕ ಪದಗಳಿಗೆ ಅವುಗಳದೇ ಆದ ಚರಿತ್ರೆಯಿರುತ್ತದೆ. ಒಂದು ಕಾಲದಲ್ಲಿ ಒಂದು ಅರ್ಥವನ್ನು ಹೊತ್ತ ಪದ ಮತ್ತೊಂದು ಕಾಲದಲ್ಲಿ ಅದಕ್ಕೆ ಹೊಂದದ ಅರ್ಥವನ್ನು ಪಡೆಯಬಹುದು. 'ಗಣರಾಜ್ಯ' ಅಂತಹ ಪದಗಳಲ್ಲಿ ಒಂದು. ಇಂದಿನ ಓದುಗರ ಪಾಲಿಗೆ ಅದು ಅರಸನಿಲ್ಲದ, ಜನರು ಆರಿಸಿದವರು ನಡೆಸುವ ರಾಜ್ಯ. 1950ರ ಜನವರಿ 26ರಂದು ಭಾರತದ ಸಂವಿಧಾನ ಜಾರಿಗೆ ಬಂದ ಮೇಲೆ ಕನ್ನಡದಲ್ಲಿ ಈ ಅರ್ಥವೇ ಗಟ್ಟಿಯಾಗಿ ನೆಲೆನಿಂತಿದೆ. ತೊಡಕಿರುವುದು ಈ ಅರ್ಥವನ್ನು ಹಿಂದಿನ ಶತಮಾನಗಳಿಗೆ ಒಯ್ದು ಅಲ್ಲಿಯ ಸಂಗತಿಗಳನ್ನು ಅಳೆಯುವಾಗ.

ಮಂಗಳೂರಿನ ಮತ್ತು ಒಟ್ಟು ತುಳುನಾಡಿನ ಅಧ್ಯಯನದಲ್ಲಿ ಇಂತಹ ಅಳತೆ ಎರಡು ಕಡೆಗಳಲ್ಲಿ ಕಾಣಿಸುತ್ತದೆ. ಮೊದಲನೆಯದು 1797-98ರ ಘಟನೆಗಳಿಗೆ ಸಂಬಂಧಿಸಿದ್ದು. ಮಂಗಳೂರು ಬಂದರಿನ ಮೂಲಕ ಬಂದ ಫ್ರೆಂಚರು ಟಿಪ್ಪು ಸುಲ್ತಾನನನ್ನು 'ನಾಗರಿಕ ಟಿಪ್ಪು' ಎಂದು ಕರೆದರು, ಶ್ರೀರಂಗಪಟ್ಟಣದಲ್ಲಿ ಸ್ವಾತಂತ್ರ್ಯದ ವೃಕ್ಷವನ್ನು ನೆಟ್ಟರು. ಆದುದರಿಂದ ಗಣರಾಜ್ಯದ ಆದರ್ಶ ಕರ್ನಾಟಕಕ್ಕೆ ಅಂದೇ ಬಂದಿತ್ತು ಎಂಬ ವಾದವಿದೆ. ಎರಡನೆಯದು ಜಾನಪದ ಅಧ್ಯಯನದ ಒಳಗಿನದು. ತುಳುನಾಡಿನ ಹಳ್ಳಿಗಳಲ್ಲಿ 'ಹತ್ತು ಸಮಸ್ತರು' ಕೂಡಿ ನ್ಯಾಯ ತೀರ್ಮಾನ ಮಾಡುತ್ತಿದ್ದರು. ಆದುದರಿಂದ ಈ ನಾಡು ಪುಟ್ಟ ಗಣರಾಜ್ಯಗಳ ಸಮೂಹವಾಗಿತ್ತು ಎಂಬ ವಾದ. ಮೊದಲನೆಯ ವಾದಕ್ಕೆ ಗಣರಾಜ್ಯ ಹೊರಗಿನಿಂದ ಬಂದದ್ದು. ಎರಡನೆಯದಕ್ಕೆ ಅದು ಒಳಗೇ ಇದ್ದದ್ದು. ಮೇಲುನೋಟಕ್ಕೆ ವಿರುದ್ಧವಾಗಿ ಕಂಡರೂ ಎರಡೂ ಗಣರಾಜ್ಯವೆಂದರೇನು ಎಂಬ ಪ್ರಶ್ನೆಯನ್ನು ಕೇಳದೆಯೇ ಮುಂದುವರಿಯುತ್ತವೆ.

ಈ ಪ್ರಶ್ನೆಯನ್ನು ಹೆಚ್ಚು ತೀವ್ರವಾಗಿ ಕೇಳಿಕೊಂಡ ಪರಂಪರೆಗಳಲ್ಲಿ 16ರಿಂದ 18ನೆಯ ಶತಮಾನದವರೆಗಿನ ಫ್ರೆಂಚ್ ರಾಜಕೀಯ ಚಿಂತನೆ ಪ್ರಮುಖವಾದುದು. ಅಲ್ಲಿ ಪದದ ಅರ್ಥ ಬೆಳೆದ ಬಗೆಯನ್ನು ಮೊದಲು ಪರಿಶೀಲಿಸಿ, ಆ ಬೆಳಕಿನಲ್ಲಿ ಮಂಗಳೂರಿನ ಘಟನೆಯನ್ನೂ ತುಳುನಾಡಿನ ಸಮುದಾಯ ಸಂಸ್ಥೆಗಳನ್ನೂ ಪಾಡ್ದನಗಳ ಸಾಕ್ಷ್ಯವನ್ನೂ ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಫ್ರೆಂಚ್ ಭಾಷೆಯ 'ರೆಪ್ಯುಬ್ಲಿಕ್' ಎಂಬ ಪದದ ಮೂಲ ಲ್ಯಾಟಿನ್ನಿನ 'ರೆಸ್ ಪುಬ್ಲಿಕಾ'. ಸಾರ್ವಜನಿಕವಾದ ವಸ್ತು, ಎಲ್ಲರಿಗೂ ಸೇರಿದ ಸೊತ್ತು ಎಂಬುದು ಅದರ ಅಕ್ಷರಾರ್ಥ. ಅರಸನಿದ್ದಾನೆಯೇ ಇಲ್ಲವೇ ಎಂಬ ಸೂಚನೆ ಈ ಮೂಲಾರ್ಥದಲ್ಲಿಲ್ಲ.

1576ರಲ್ಲಿ ಜಾನ್ ಬೊದಾನ್ ಗಣರಾಜ್ಯವನ್ನು ಕುರಿತ ತನ್ನ ಆರು ಭಾಗಗಳ ಗ್ರಂಥವನ್ನು ಪ್ರಕಟಿಸಿದ. ಫ್ರಾನ್ಸಿನಲ್ಲಿ ಕ್ಯಾಥೊಲಿಕರಿಗೂ ಪ್ರೊಟೆಸ್ಟಂಟರಿಗೂ ನಡುವೆ ಅಂತರ್ಯುದ್ಧ ನಡೆಯುತ್ತಿದ್ದ ಕಾಲವದು. 1572ರ ಸಂತ ಬಾರ್ತಲೋಮಿಯೊ ದಿನದ ಹತ್ಯಾಕಾಂಡದ ನೆನಪು ಇನ್ನೂ ಹಸಿಯಾಗಿತ್ತು. ರಾಜ್ಯವೇ ಒಡೆದುಹೋಗುವ ಭೀತಿಯಲ್ಲಿ ಬರೆದ ಬೊದಾನನಿಗೆ ಗಣರಾಜ್ಯವೆಂದರೆ ಹಲವು ಕುಟುಂಬಗಳನ್ನೂ ಅವುಗಳಿಗೆ ಸಮಾನವಾಗಿ ಸೇರಿದುದನ್ನೂ ಪರಮಾಧಿಕಾರದೊಡನೆ ಸರಿಯಾಗಿ ಆಳುವ ವ್ಯವಸ್ಥೆ. ಆ ಪರಮಾಧಿಕಾರ ಒಬ್ಬನಲ್ಲಿರಬಹುದು, ಕೆಲವರಲ್ಲಿರಬಹುದು, ಎಲ್ಲರಲ್ಲಿರಬಹುದು, ಮೂರೂ ಗಣರಾಜ್ಯಗಳೇ. ಅವುಗಳಲ್ಲಿ ರಾಜಪ್ರಭುತ್ವವೇ ಶ್ರೇಷ್ಠವೆಂಬುದು ಅವನ ಅಭಿಪ್ರಾಯ. ಹೀಗೆ ಗಣರಾಜ್ಯವನ್ನು ಕುರಿತ ಈ ಪ್ರಸಿದ್ಧ ಗ್ರಂಥ ಅರಸೊತ್ತಿಗೆಯ ಸಮರ್ಥನೆಯಾಗಿದೆ.

ಬೊದಾನನ ವಿವರಣೆಯಲ್ಲಿ ಜಾನಪದ ಅಧ್ಯಯನಕಾರರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಅವನ ರಾಜ್ಯದ ಘಟಕ ವ್ಯಕ್ತಿಯಲ್ಲ, ಕುಟುಂಬ. ಕುಟುಂಬವೆಂದರೆ ತಂದೆಯ ಅಧೀನದಲ್ಲಿರುವ ಹೆಂಡತಿ, ಮಕ್ಕಳು, ಆಳುಕಾಳುಗಳು. ಮನೆಯ ಯಜಮಾನ ಹೊಸ್ತಿಲು ದಾಟಿ ಇತರ ಯಜಮಾನರೊಡನೆ ಸಮಾನ ಹಿತದ ವಿಷಯದಲ್ಲಿ ವ್ಯವಹರಿಸುವಾಗ ಅವನು ನಾಗರಿಕನಾಗುತ್ತಾನೆ. ಮನೆಯೊಳಗೆ ಉಳಿದವರು ಯಜಮಾನನ ಮೂಲಕ ಮಾತ್ರ ರಾಜ್ಯಕ್ಕೆ ಸೇರಿದವರು. ಹೆಂಗಸರ ಆಳ್ವಿಕೆಯನ್ನು ಬೊದಾನ್ ಪ್ರಕೃತಿಗೆ ವಿರುದ್ಧವೆಂದು ಬಗೆದ. ಆದರೆ ಗುಲಾಮಗಿರಿಯನ್ನು ಅವನು ಕಟುವಾಗಿ ವಿರೋಧಿಸಿದ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಬೊದಾನನಿಗಿಂತ ಕೆಲವು ದಶಕಗಳ ಹಿಂದೆ ಎತಿಯೆನ್ ದ ಲಾ ಬೊಎಸಿ ಎಂಬ ತರುಣ ಸ್ವಯಂಪ್ರೇರಿತ ದಾಸ್ಯವನ್ನು ಕುರಿತು ಚಿಕ್ಕ ಪ್ರಬಂಧವೊಂದನ್ನು ಬರೆದಿದ್ದ. ಅವನು 1563ರಲ್ಲಿ ತೀರಿಕೊಂಡ. ಬರಹ ಅಚ್ಚಾದದ್ದು 1570ರ ದಶಕದಲ್ಲಿ. ರಾಜಪ್ರಭುತ್ವಕ್ಕೆ ಗಣರಾಜ್ಯಗಳ ಸಾಲಿನಲ್ಲಿ ಯಾವುದಾದರೂ ಸ್ಥಾನವಿದೆಯೇ ಎಂಬ ಸಂಶಯವನ್ನು ಅವನು ಆರಂಭದಲ್ಲಿಯೇ ಎತ್ತುತ್ತಾನೆ. ಎಲ್ಲವೂ ಒಬ್ಬನದೇ ಆಗಿರುವಲ್ಲಿ ಸಾರ್ವಜನಿಕವಾದದ್ದು ಏನಾದರೂ ಉಳಿದಿರುತ್ತದೆ ಎಂದು ನಂಬುವುದು ಅವನಿಗೆ ಕಷ್ಟವಾಗುತ್ತದೆ. ಒಬ್ಬ ದಬ್ಬಾಳಿಕೆಗಾರನಿಗೆ ಲಕ್ಷಾಂತರ ಜನ ಏಕೆ ಬಾಗುತ್ತಾರೆ ಎಂಬುದು ಅವನ ಮುಖ್ಯ ಪ್ರಶ್ನೆ. ರೂಢಿ, ಮನರಂಜನೆ, ಧರ್ಮದ ಸೋಗು, ಮೇಲಿನಿಂದ ಕೆಳಗೆ ಇಳಿಯುವ ಸಣ್ಣ ಸಣ್ಣ ಲಾಭಗಳ ಸರಪಣಿ ಎಂಬುದು ಅವನು ಕಂಡುಕೊಂಡ ಉತ್ತರ.

ಒಂದೇ ಶತಮಾನದ ಈ ಇಬ್ಬರು ಲೇಖಕರು ಪದದ ಎರಡು ದಿಕ್ಕುಗಳನ್ನು ತೋರಿಸುತ್ತಾರೆ. ಬೊದಾನನಿಗೆ ಗಣರಾಜ್ಯ ಸುವ್ಯವಸ್ಥಿತ ರಾಜ್ಯದ ಹೆಸರು. ಲಾ ಬೊಎಸಿಗೆ ಅದು ರಾಜ್ಯವನ್ನು ಪರೀಕ್ಷೆಗೆ ಒಡ್ಡುವ ಪ್ರಶ್ನೆ. ಈ ಭೇದ ಮುಂದಿನ ವಿವೇಚನೆಗೆಲ್ಲ ಅಗತ್ಯ.

3

18ನೆಯ ಶತಮಾನದಲ್ಲಿ ಈ ಚಿಂತನೆಯೊಳಗೆ ಏಷ್ಯಾದ ಪ್ರವೇಶವಾಗುತ್ತದೆ. ಮೊಗಲ್ ಸಾಮ್ರಾಜ್ಯದಲ್ಲಿ ವರ್ಷಗಳ ಕಾಲ ಇದ್ದ ವೈದ್ಯ ಫ್ರಾನ್ಸ್ವಾ ಬೆರ್ನಿಯೆ 1670-71ರಲ್ಲಿ ಪ್ರಕಟಿಸಿದ ಬರಹಗಳಲ್ಲಿ ಹಿಂದುಸ್ತಾನದ ಭೂಮಿಗೆಲ್ಲ ಬಾದಶಹನೊಬ್ಬನೇ ಒಡೆಯನೆಂದೂ ಜನರಿಗೆ ಭೂಮಿಯ ಒಡೆತನವಿಲ್ಲವೆಂದೂ ಹೇಳಿದ. ಮೊಂತೆಸ್ಕಿಯೆ 1748ರಲ್ಲಿ ಪ್ರಕಟಿಸಿದ ಕಾನೂನುಗಳ ಮರ್ಮವನ್ನು ಕುರಿತ ಗ್ರಂಥಕ್ಕೆ ಇಂತಹ ಪ್ರವಾಸ ಕಥನಗಳು ಆಧಾರವಾದವು. ಅವನು ಸರಕಾರಗಳನ್ನು ಮೂರಾಗಿ ವಿಂಗಡಿಸಿದ: ಗಣರಾಜ್ಯ, ರಾಜಪ್ರಭುತ್ವ, ನಿರಂಕುಶ ಪ್ರಭುತ್ವ. ಗಣರಾಜ್ಯದ ಪ್ರೇರಕಶಕ್ತಿ ಸದ್ಗುಣ, ರಾಜಪ್ರಭುತ್ವದ್ದು ಗೌರವ, ನಿರಂಕುಶ ಪ್ರಭುತ್ವದ್ದು ಭಯ. ಗಣರಾಜ್ಯಕ್ಕೆ ಚಿಕ್ಕ ನೆಲ ಬೇಕು. ನಿರಂಕುಶ ಪ್ರಭುತ್ವ ವಿಶಾಲ ನೆಲದ, ಮುಖ್ಯವಾಗಿ ಏಷ್ಯಾದ ಲಕ್ಷಣ. ಬೊದಾನನಲ್ಲಿ ಒಂದೇ ಪದದಡಿಯಲ್ಲಿದ್ದ ಅರಸೊತ್ತಿಗೆ ಮತ್ತು ಗಣರಾಜ್ಯಗಳು ಮೊಂತೆಸ್ಕಿಯೆಯಲ್ಲಿ ಬೇರೆಯಾದವು. ಅದರೊಂದಿಗೆ ಏಷ್ಯಾದ ಜನ ಗಣರಾಜ್ಯದ ಚರ್ಚೆಯಿಂದಲೇ ಹೊರಗುಳಿದರು.

ಈ ತೀರ್ಮಾನವನ್ನು ಪ್ರಶ್ನಿಸಿದವರೂ ಫ್ರೆಂಚರೇ. ಭಾರತದಲ್ಲಿ ಸಂಚರಿಸಿ ಪಾರಸಿಗಳ ಧರ್ಮಗ್ರಂಥಗಳನ್ನು ಅಭ್ಯಸಿಸಿದ ಆಂಕೆತಿಲ್ ದ್ಯುಪೆರೊನ್ 1778ರಲ್ಲಿ ಪೌರಸ್ತ್ಯ ಶಾಸನವನ್ನು ಕುರಿತ ಗ್ರಂಥವನ್ನು ಹೊರತಂದ. ತುರ್ಕಿ, ಪರ್ಷಿಯಾ, ಹಿಂದುಸ್ತಾನಗಳಲ್ಲಿ ಅರಸನನ್ನೂ ಪ್ರಜೆಯನ್ನೂ ಕಟ್ಟುವ ಲಿಖಿತ ಶಾಸನಗಳಿವೆ, ಜನರಿಗೆ ಸ್ಥಿರ ಚರ ಸೊತ್ತಿನ ಹಕ್ಕಿದೆ ಎಂಬುದು ಅವನ ಪ್ರತಿಪಾದನೆ. ನಿರಂಕುಶ ಏಷ್ಯಾ ಎಂಬ ಚಿತ್ರ ಯೂರೋಪಿನವರು ಏಷ್ಯಾದ ಸೊತ್ತನ್ನು ಕೈವಶ ಮಾಡಿಕೊಳ್ಳಲು ನೆಪವಾಗುತ್ತದೆ ಎಂಬ ಎಚ್ಚರವೂ ಅವನಲ್ಲಿತ್ತು.

ಆಂಕೆತಿಲನ ವಾದಕ್ಕೆ ಗಟ್ಟಿಯಾದ ಸಾಕ್ಷ್ಯ ಮುಂದೆ ದೊರೆತದ್ದು ಕೆನರಾ ಜಿಲ್ಲೆಯಿಂದ ಎಂಬುದು ಗಮನಾರ್ಹ. 1799ರಲ್ಲಿ ಕೆನರಾ ಈಸ್ಟ್ ಇಂಡಿಯಾ ಕಂಪೆನಿಯ ವಶವಾದಾಗ ಅಲ್ಲಿಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೊ 1800ರ ತನ್ನ ವರದಿಯಲ್ಲಿ ಇಲ್ಲಿ ಭೂಮಿಯ ಖಾಸಗಿ ಒಡೆತನ ಬಹು ಪ್ರಾಚೀನವಾದುದು, ಮಾರಾಟ, ಅಡವು, ಉತ್ತರಾಧಿಕಾರಗಳೆಲ್ಲ ರೂಢಿಯಲ್ಲಿವೆ ಎಂದು ದಾಖಲಿಸಿದ. ವರ್ಗ, ಮೂಲಗೇಣಿ, ಚಾಲಗೇಣಿ ಎಂಬ ಪದಗಳು ಈ ಹಕ್ಕುಗಳ ಮೆಟ್ಟಿಲುಗಳನ್ನು ಸೂಚಿಸುತ್ತವೆ. ಬೆರ್ನಿಯೆಯ ಮಾತು ಮಂಗಳೂರಿನ ಗದ್ದೆಗಳ ಮಟ್ಟಿಗಂತೂ ಸಲ್ಲದು. ಆದರೆ ಒಡೆತನವಿದ್ದ ಮಾತ್ರಕ್ಕೆ ಸಾರ್ವಜನಿಕವಾದದ್ದು ಇತ್ತೆಂದಾಗುವುದಿಲ್ಲ. ಆ ಒಡೆತನ ಯಾರದು ಎಂಬ ಪ್ರಶ್ನೆ ಉಳಿದೇ ಇದೆ.

ರೂಸೋ 1762ರಲ್ಲಿ ಪ್ರಕಟಿಸಿದ ಸಾಮಾಜಿಕ ಒಪ್ಪಂದವನ್ನು ಕುರಿತ ಕೃತಿಯ ಮುಖಪುಟದಲ್ಲಿ ತನ್ನನ್ನು ಜಿನೀವಾದ ನಾಗರಿಕನೆಂದು ಕರೆದುಕೊಂಡ. ಕಾನೂನಿನಿಂದ ಆಳಲ್ಪಡುವ ಯಾವುದೇ ರಾಜ್ಯ ಅವನಿಗೆ ಗಣರಾಜ್ಯ. ಆಡಳಿತ ನಡೆಸುವವನು ಅರಸನಾಗಿದ್ದರೂ ಅಡ್ಡಿಯಿಲ್ಲ. ಆದರೆ ಕಾನೂನೆಂದರೆ ಅರಸನ ಆಜ್ಞೆಯಲ್ಲ. ಎಲ್ಲರಿಂದ ಹೊರಟು ಎಲ್ಲರಿಗೂ ಅನ್ವಯಿಸುವುದು ಮಾತ್ರ ಕಾನೂನು. ಬೊದಾನನ ವಿಶಾಲ ಅರ್ಥವನ್ನು ಉಳಿಸಿಕೊಂಡೇ ಲಾ ಬೊಎಸಿಯ ಪ್ರಶ್ನೆಯನ್ನು ಅದರೊಳಗೆ ಕೂಡಿಸಿದ್ದು ರೂಸೋನ ಸಾಧನೆ. ಹಾಗಿದ್ದೂ ಅವನ ಎಲ್ಲರಲ್ಲಿ ಹೆಂಗಸರು ಸೇರಲಿಲ್ಲ. 1791ರ ಫ್ರೆಂಚ್ ಸಂವಿಧಾನ ಮೂರು ದಿನಗಳ ಕೂಲಿಗೆ ಸಮನಾದ ತೆರಿಗೆ ಕೊಡುವ ಗಂಡಸರಿಗೆ ಮಾತ್ರ ಮತದ ಹಕ್ಕನ್ನು ನೀಡಿ, ಮನೆಯಾಳುಗಳನ್ನು ಹೊರಗಿಟ್ಟಿತು. ಅದೇ ವರ್ಷ ಮಹಿಳೆಯರ ಹಕ್ಕುಗಳ ಘೋಷಣೆಯನ್ನು ಬರೆದ ಒಲೆಂಪ್ ದ ಗೂಜ್ 1793ರಲ್ಲಿ ಗಿಲೊಟಿನ್ನಿಗೆ ಬಲಿಯಾದಳು. 1792ರ ಸೆಪ್ಟೆಂಬರ್‌ನಲ್ಲಿ ಘೋಷಿತವಾದ ಪ್ರಥಮ ಫ್ರೆಂಚ್ ಗಣರಾಜ್ಯ ಅರಸನನ್ನು ಇಲ್ಲವಾಗಿಸಿತು. ಎಲ್ಲರೂ ಎಂಬ ಪದದ ವ್ಯಾಪ್ತಿಯನ್ನು ತೀರ್ಮಾನಿಸಲಿಲ್ಲ.

4

ಇಂತಹ ಅಪೂರ್ಣವಾದ ಪದವನ್ನು ಹೊತ್ತ ಹಡಗು 1797ರ ಆರಂಭದಲ್ಲಿ ಮಂಗಳೂರು ಬಂದರನ್ನು ಸೇರಿತು. ಅದರ ನಾಯಕ ಫ್ರಾನ್ಸ್ವಾ ರಿಪೋ ಎಂಬ ಖಾಸಗಿ ಯುದ್ಧನೌಕೆಯ ನಾವಿಕ. ಹಡಗಿಗೆ ದುರಸ್ತಿಯ ಅಗತ್ಯವಿತ್ತು. ಇಂದು ಮಾರಿಷಸ್ ಎಂದು ಕರೆಯಲಾಗುವ ಇಲ್ ದ ಫ್ರಾನ್ಸಿನ ಪ್ರತಿನಿಧಿಯೆಂಬಂತೆ ತೋರಿಸಿಕೊಂಡ ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ಯಲಾಯಿತು. ಆ ವರ್ಷದ ಮೇ ತಿಂಗಳಲ್ಲಿ ಅಲ್ಲಿಯ ಫ್ರೆಂಚ್ ಸೈನಿಕರು ಜಾಕೊಬಿನ್ ಸಂಘವನ್ನು ಸ್ಥಾಪಿಸಿದರು, ಗಣರಾಜ್ಯದ ಧ್ವಜವನ್ನು ಹಾರಿಸಿದರು, ಸ್ವಾತಂತ್ರ್ಯದ ವೃಕ್ಷವನ್ನು ನೆಟ್ಟರು ಎಂದು ಕಂಪೆನಿ ಸರಕಾರ ಮುಂದೆ ಪ್ರಕಟಿಸಿದ ಕಾಗದಪತ್ರಗಳು ಹೇಳುತ್ತವೆ. ಎಲ್ಲ ಅರಸರನ್ನು ದ್ವೇಷಿಸುವುದಾಗಿಯೂ ಮಿತ್ರನಾದ ಟಿಪ್ಪು ಸುಲ್ತಾನನೊಬ್ಬನನ್ನು ಅದರಿಂದ ಹೊರತುಪಡಿಸುವುದಾಗಿಯೂ ಅವರು ಪ್ರತಿಜ್ಞೆ ಕೈಗೊಂಡರೆಂದು ಅದೇ ದಾಖಲೆಗಳು ತಿಳಿಸುತ್ತವೆ.

ಮರುವರ್ಷದ ಬೆಳವಣಿಗೆಗೂ ಮಂಗಳೂರೇ ಬಾಗಿಲು. ಇಲ್ ದ ಫ್ರಾನ್ಸಿನ ಗವರ್ನರ್ ಮಲಾರ್ತಿಕ್ 1798ರ ಜನವರಿ 30ರಂದು ಟಿಪ್ಪುವಿನ ಸಹಾಯಕ್ಕೆ ಸ್ವಯಂಸೇವಕರು ಬೇಕೆಂದು ಬಹಿರಂಗ ಪ್ರಕಟಣೆ ಹೊರಡಿಸಿದ. ನೂರರ ಆಸುಪಾಸಿನ ಒಂದು ತಂಡ ಏಪ್ರಿಲ್ ತಿಂಗಳಲ್ಲಿ ಮಂಗಳೂರಿನಲ್ಲಿ ಇಳಿಯಿತು. ಈ ಪ್ರಕಟಣೆಯೂ ಈ ಸಣ್ಣ ತಂಡವೂ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧದ ಕಾರಣವಾಗಿ ಒದಗಿದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು.

ಈ ಘಟನಾವಳಿಯ ವ್ಯಾಖ್ಯಾನದಲ್ಲಿ ಮೂರು ಎಚ್ಚರಗಳು ಅಗತ್ಯ. ಮೊದಲನೆಯದು ಆಕರಗಳಿಗೆ ಸಂಬಂಧಿಸಿದ್ದು. ಸಂಘದ ಕಾಗದಪತ್ರಗಳು ಗೆದ್ದವರ ಕೈಯಿಂದ, ಯುದ್ಧವನ್ನು ಸಮರ್ಥಿಸುವ ಸಂದರ್ಭದಲ್ಲಿ ಹೊರಬಂದವು. ಫ್ರೆಂಚ್ ಇತಿಹಾಸಕಾರ ಜಾನ್ ಬೂತಿಯೆ 2005ರ ತನ್ನ ಲೇಖನದಲ್ಲಿ ಇವುಗಳ ಸಾಚಾತನವನ್ನೇ ಪ್ರಶ್ನಿಸಿದ್ದಾನೆ. ಆದುದರಿಂದ ವೃಕ್ಷ, ಧ್ವಜ, ಪ್ರತಿಜ್ಞೆಗಳನ್ನು ಪ್ರಶ್ನಾತೀತ ಸಂಗತಿಗಳೆಂಬಂತೆ ಬಣ್ಣಿಸುವುದು ಸಂಶೋಧನೆಗೆ ತಕ್ಕುದಲ್ಲ.

ಎರಡನೆಯದು ಟಿಪ್ಪುವಿನ ದೃಷ್ಟಿಗೆ ಸಂಬಂಧಿಸಿದ್ದು. ಅವನ ರಾಯಭಾರಿಗಳು 1788ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋಗಿದ್ದರು. ಹತ್ತು ವರ್ಷಗಳ ಬಳಿಕ ಅದೇ ಅರಸನ ತಲೆ ತೆಗೆದವರೊಡನೆ ಅವನು ವ್ಯವಹರಿಸುತ್ತಿದ್ದ. ಎರಡೂ ಸಂದರ್ಭಗಳಲ್ಲಿ ಅವನಿಗೆ ಬೇಕಾಗಿದ್ದುದು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು. ತನ್ನ ಸರಕಾರವನ್ನು ಅವನು ದೇವದತ್ತ ಸರಕಾರವೆಂಬ ಅರ್ಥದಲ್ಲಿ 'ಸರ್ಕಾರ್-ಎ-ಖುದಾದಾದ್' ಎಂದು ಕರೆದುಕೊಂಡ. ಪರಮಾಧಿಕಾರ ಒಬ್ಬನಲ್ಲಿ ನೆಲೆಸಿದ, ವ್ಯವಸ್ಥಿತ ಆಡಳಿತವುಳ್ಳ ಈ ರಾಜ್ಯ ಬೊದಾನನ ಅರ್ಥದ ಹತ್ತಿರಕ್ಕೆ ಬಂದೀತು. ರೂಸೋನ ಅರ್ಥಕ್ಕೆ ಅಲ್ಲ. ಕೆನರಾದ ಕ್ರೈಸ್ತರನ್ನು 1784ರಲ್ಲಿ ಸಾಮೂಹಿಕವಾಗಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ನೆನಪು ಮಂಗಳೂರಿನ ಕ್ಯಾಥೊಲಿಕ್ ಕುಟುಂಬಗಳಲ್ಲಿ ಇಂದಿಗೂ ಇದೆ. ಎಲ್ಲರಿಗೂ ಒಂದೇ ಕಾನೂನು ಎಂಬ ಅಳತೆಗೋಲನ್ನು ಹಿಡಿದಾಗ ಈ ಸಂಗತಿಯನ್ನು ಬಿಟ್ಟು 'ನಾಗರಿಕ ಟಿಪ್ಪು'ವನ್ನು ಕುರಿತು ಬರೆಯಲಾಗದು. ಹಾಗೆಂದು ಅವನ ಆಡಳಿತದ ಇತರ ಮುಖಗಳನ್ನು ಅಲ್ಲಗಳೆಯಲೂ ಬೇಕಾಗಿಲ್ಲ.

ಮೂರನೆಯದು ಬಂದವರಿಗೇ ಸಂಬಂಧಿಸಿದ್ದು. ಪ್ಯಾರಿಸಿನ ಗಣರಾಜ್ಯ 1794ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿತ್ತು. ಆ ಆಜ್ಞೆಯನ್ನು ಜಾರಿಗೊಳಿಸಲು 1796ರಲ್ಲಿ ಬಂದ ಪ್ರತಿನಿಧಿಗಳನ್ನು ಇಲ್ ದ ಫ್ರಾನ್ಸಿನ ವಸಾಹತುಗಾರರು ಹಡಗು ಹತ್ತಿಸಿ ಹಿಂದಟ್ಟಿದ್ದರು. ಸ್ವಾತಂತ್ರ್ಯ ಸಮಾನತೆಗಳ ಹೆಸರಿನಲ್ಲಿ 1798ರಲ್ಲಿ ಮಂಗಳೂರಿಗೆ ತಂಡವನ್ನು ಕಳುಹಿಸಿದ್ದು ಇದೇ ದ್ವೀಪ. ಅವರು ಇಳಿದ ನೆಲದಲ್ಲಿಯೂ ಭೂಮಿಯೊಡನೆ ಕೈಬದಲಾಗುತ್ತಿದ್ದ ಜೀತದಾಳುಗಳಿದ್ದರು. 1801ರ ಆರಂಭದಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅವರ ಸ್ಥಿತಿಯನ್ನು ದಾಖಲಿಸಿದ್ದಾನೆ. ಗುಲಾಮರನ್ನು ಬಿಡಲೊಪ್ಪದ ಗಣರಾಜ್ಯವಾದಿಗಳು ಜೀತವಿದ್ದ ನಾಡಿನ ಬಂದರಿನಲ್ಲಿ ಇಳಿದಾಗ ಎರಡು ಕಡೆಯ ದುಡಿಯುವವರೂ ಆ ಮಾತುಕತೆಯ ಹೊರಗಿದ್ದರು.

5

ಗಣರಾಜ್ಯ ಒಳಗೇ ಇತ್ತೆಂಬ ವಾದಕ್ಕೆ ಆಧಾರಗಳು ಕಡಿಮೆಯಿಲ್ಲ. ವಿಜಯನಗರ ಕಾಲದ ಕರಾವಳಿಯ ಶಾಸನಗಳಲ್ಲಿ 'ಹಲರು' ಎಂಬ ಸಮೂಹ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಬಾರಕೂರಿನ ಹತ್ತು ಕೇರಿಗಳ ಹಲರು, ಬಸ್ರೂರಿನ ಮೂಡುಕೇರಿ ಪಡುವಕೇರಿಗಳ ಹಲರು, ಮೂಡಬಿದಿರೆಯ ಹಲರು ಮತ್ತು ಸೆಟ್ಟಿಕಾರರು ದಾನ, ತೆರಿಗೆ, ದೇವಾಲಯಗಳ ವ್ಯವಸ್ಥೆಗಳಲ್ಲಿ ಅಧಿಕಾರವುಳ್ಳವರು. ವರ್ತಕರ ಸಂಘವಾದ 'ಹಂಜಮಾನ' ಬಂದರು ಪಟ್ಟಣಗಳಲ್ಲಿತ್ತು. ಪೋರ್ಚುಗೀಸರ ಬರಹಗಳಲ್ಲಿ ಬಸ್ರೂರು ವರ್ತಕ ಸೆಟ್ಟಿಗಳೇ ನಡೆಸುತ್ತಿದ್ದ ಸ್ವಾಯತ್ತ ಪಟ್ಟಣವಾಗಿ ಚಿತ್ರಿತವಾಗಿದೆ. ಒಬ್ಬನಲ್ಲದವರು ಎಂಬುದನ್ನೇ ಸೂಚಿಸುವ 'ಹಲರು' ಎಂಬ ಪದ ಲಾ ಬೊಎಸಿಯ ಪ್ರಶ್ನೆಗೆ ಕನ್ನಡದ ಉತ್ತರದಂತೆ ಕೇಳಿಸುತ್ತದೆ. ಗ್ರಾಮಮಟ್ಟದಲ್ಲಿ ಬೀಡು, ಗುತ್ತು, ಬರ್ಕೆಗಳ ಯಜಮಾನರು ಕೂಡಿ ದೈವದ ಸಮ್ಮುಖದಲ್ಲಿ ತೀರ್ಮಾನ ಕೈಗೊಳ್ಳುವ ಪದ್ಧತಿಯಿತ್ತು. ಜಾತ್ರೆ, ನೇಮಗಳ ಆಮಂತ್ರಣ ಪತ್ರಿಕೆಗಳ ಕೊನೆಯಲ್ಲಿ ಬರುವ 'ಊರ ಹತ್ತು ಸಮಸ್ತರು' ಎಂಬ ಒಕ್ಕಣೆ ಇಂದಿಗೂ ಜೀವಂತವಾಗಿದೆ.

1830-31ರಲ್ಲಿ ಕಂದಾಯದ ಹೊರೆಯ ವಿರುದ್ಧ ಕೆನರಾದ ರೈತರು ಹಲವೆಡೆ ಕೂಟ ಸೇರಿ ತೆರಿಗೆ ಕೊಡಲು ನಿರಾಕರಿಸಿದ ಪ್ರಕರಣವೂ ಇದಕ್ಕೆ ಸೇರುತ್ತದೆ. ಎನ್. ಶ್ಯಾಮ ಭಟ್ಟರ ಅಧ್ಯಯನದಿಂದ ಇದರ ವಿವರಗಳು ತಿಳಿದುಬರುತ್ತವೆ. 1837ರ ಏಪ್ರಿಲ್‌ನಲ್ಲಿ ಕಲ್ಯಾಣಪ್ಪನ ದಂಗೆಯವರು ಮಂಗಳೂರನ್ನು ಕೆಲವು ದಿನ ವಶಪಡಿಸಿಕೊಂಡಾಗ ಕೊಡಗಿನ ಹಾಲೇರಿ ಅರಸುಮನೆತನದ ಹೆಸರನ್ನು ಮುಂದಿಟ್ಟಿದ್ದರು. 1830ರ ಕೂಟಗಳಿಗಾದರೋ ಅರಸನ ಹೆಸರು ಬೇಕಾಗಿರಲಿಲ್ಲ. ಸಮಾನ ಕಷ್ಟವೇ ಅವರನ್ನು ಕೂಡಿಸಿತ್ತು. ಈ ವ್ಯತ್ಯಾಸ ಹೆಚ್ಚಿನ ಅಧ್ಯಯನವನ್ನು ಬೇಡುತ್ತದೆ.

ಇಷ್ಟಾದರೂ ಇವುಗಳನ್ನು ಗಣರಾಜ್ಯವೆಂದು ಕರೆಯುವ ಮೊದಲು ಆ ಹೆಸರನ್ನು ಕೊಟ್ಟವರು ಯಾರೆಂಬುದನ್ನು ನೋಡಬೇಕು. ಭಾರತದ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳೆಂದು 1830ರಲ್ಲಿ ವರ್ಣಿಸಿ ಆ ಮಾತನ್ನು ಪ್ರಸಿದ್ಧಗೊಳಿಸಿದವನು ಕಂಪೆನಿಯ ಅಧಿಕಾರಿ ಚಾರ್ಲ್ಸ್ ಮೆಟ್‌ಕಾಫ್. ರಾಜವಂಶಗಳು ಬಂದು ಹೋದರೂ ಹಳ್ಳಿ ಬದಲಾಗದು ಎಂಬುದು ಅವನ ಗ್ರಹಿಕೆ. ಮುಂದೆ ಕೆ.ಪಿ. ಜಯಸ್ವಾಲರು 1924ರಲ್ಲಿ ಪ್ರಾಚೀನ ಭಾರತದ ಗಣಸಂಘಗಳನ್ನು ಗಣರಾಜ್ಯಗಳೆಂದು ಪ್ರತಿಪಾದಿಸಿದರು. ಪರಕೀಯ ಆಳ್ವಿಕೆಯ ಕಾಲದಲ್ಲಿ ಆ ಪ್ರತಿಪಾದನೆಗೆ ಅದರದೇ ಆದ ಅಗತ್ಯವಿತ್ತು. ಹಳ್ಳಿಗಳ ಗಣರಾಜ್ಯವೆಂಬ ಚಿತ್ರವನ್ನು ಡಾ. ಬಿ.ಆರ್. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಖಂಡತುಂಡವಾಗಿ ತಿರಸ್ಕರಿಸಿ, ವ್ಯಕ್ತಿಯನ್ನು ಘಟಕವಾಗಿ ಸ್ವೀಕರಿಸಿದ ಕರಡನ್ನು ಸಮರ್ಥಿಸಿದರು.

ಅಂಬೇಡ್ಕರ್ ಅವರ ನಿಲುವನ್ನು ಬೊದಾನನ ಎದುರಿಗೆ ಇಟ್ಟು ನೋಡಿದಾಗ ತುಳುನಾಡಿನ 'ಹತ್ತು ಸಮಸ್ತರ' ಸ್ವರೂಪ ಸ್ಪಷ್ಟವಾಗುತ್ತದೆ. ಇಲ್ಲಿಯೂ ಘಟಕ ವ್ಯಕ್ತಿಯಲ್ಲ, ಮನೆ. ಗುತ್ತಿನ ಗಡಿ ಹಿಡಿದವನು ಮನೆಯ ಪರವಾಗಿ ಕೂಟದಲ್ಲಿ ಕುಳಿತುಕೊಳ್ಳುತ್ತಾನೆ. ಬೊದಾನನ ಮನೆಗೆ ತಂದೆ ಯಜಮಾನ. ಅಳಿಯಕಟ್ಟಿನ ಕುಟುಂಬ ತಾಯಿಯ ಕವರಿನಲ್ಲಿ ಸಾಗುತ್ತದೆ. ಹೆಂಗಸರ ಆಳ್ವಿಕೆ ಪ್ರಕೃತಿವಿರುದ್ಧವೆಂದು ಬೊದಾನ್ ಬರೆಯುತ್ತಿದ್ದ 16ನೆಯ ಶತಮಾನದ ಉತ್ತರಾರ್ಧದಲ್ಲಿಯೇ ನೇತ್ರಾವತಿಯ ಆಚೆ ದಡದ ಉಳ್ಳಾಲದಲ್ಲಿ ಚೌಟ ಮನೆತನದ ರಾಣಿ ಪೋರ್ಚುಗೀಸರನ್ನು ಎದುರಿಸುತ್ತಿದ್ದಳು. ಈ ಭೇದ ಮಹತ್ವದ್ದೇ. ಆದರೆ ವಂಶ ತಾಯಿಯದಾದರೂ ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನದಾಗಿತ್ತು. ಹೊಲದಲ್ಲಿ ದುಡಿಯುವವರಂತೂ ಎರಡೂ ಕಡೆ ಮನೆಯ ಲೆಕ್ಕದೊಳಗಿದ್ದರು, ಕೂಟದ ಲೆಕ್ಕದೊಳಗಲ್ಲ.

6

ಶಾಸನಗಳು ಕೂಟದೊಳಗೆ ಇದ್ದವರ ದಾಖಲೆಗಳು. ಹೊರಗಿದ್ದವರ ದಾಖಲೆಗೆ ಪಾಡ್ದನಗಳತ್ತ ತಿರುಗಬೇಕಾಗುತ್ತದೆ. 1886ರಲ್ಲಿ ಬಾಸೆಲ್ ಮಿಶನ್ನಿನ ಎ. ಮ್ಯಾನರ್ ಮಂಗಳೂರಿನಲ್ಲಿ 'ಪಾಡ್ದನೊಳು' ಸಂಕಲನವನ್ನು ಅಚ್ಚು ಹಾಕಿಸಿದಲ್ಲಿಂದ ಇಂದಿನವರೆಗೆ ಸಂಗ್ರಹ ಕಾರ್ಯ ನಡೆದು ಬಂದಿದೆ. ಬಿ.ಎ. ವಿವೇಕ ರೈ ಅವರ 'ತುಳು ಜನಪದ ಸಾಹಿತ್ಯ' (1985) ಮತ್ತು ಕೆ. ಚಿನ್ನಪ್ಪ ಗೌಡರ ಭೂತಾರಾಧನೆಯ ಅಧ್ಯಯನ (1990) ಈ ಸಾಹಿತ್ಯವನ್ನು ಸಾಮಾಜಿಕ ಸಂದರ್ಭದಲ್ಲಿಟ್ಟು ನೋಡಲು ದಾರಿ ಮಾಡಿದವು.

ಕಲ್ಕುಡನ ಕಥೆಯನ್ನು ತೆಗೆದುಕೊಳ್ಳಬಹುದು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ, ಅಂತಹ ಇನ್ನೊಂದು ಮೂರ್ತಿಯನ್ನು ಮತ್ತೆಲ್ಲೂ ಕಡೆಯಬಾರದೆಂದು ಭೈರರಸ ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸುತ್ತಾನೆ. ಗೊಮ್ಮಟ ಪ್ರತಿಷ್ಠೆಯಾದ 1432ನೆಯ ವರ್ಷವನ್ನು ಶಾಸನ ಹೇಳುತ್ತದೆ, ಮಾಡಿಸಿದ ಅರಸನನ್ನು ಹೊಗಳುತ್ತದೆ. ಕಡಿದ ಕೈಯ ಮಾತನ್ನು ಹೇಳುವುದು ಪಾಡ್ದನ ಮಾತ್ರ. ಅದನ್ನು ಚಾರಿತ್ರಿಕ ಘಟನೆಯ ವರದಿಯಾಗಿ ಓದಬೇಕಾಗಿಲ್ಲ. ಎಲ್ಲರ ಕಣ್ಣೆದುರು ನಿಂತ ಮೂರ್ತಿ ಅದನ್ನು ಕಡೆದವನಿಗೆ ಸೇರಿದ್ದೇ, ಮಾಡಿಸಿದವನಿಗೆ ಸೇರಿದ್ದೇ ಎಂಬ ಪ್ರಶ್ನೆ ಅದರಲ್ಲಿದೆ. ಕಲ್ಕುಡನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಆ ಅರಸನನ್ನು ಕಾಡುತ್ತಾರೆ. ಲಾ ಬೊಎಸಿಯ ಪ್ರಬಂಧ ಜನ ಏಕೆ ಬಾಗುತ್ತಾರೆಂದು ಕೇಳುತ್ತದೆ. ಪಾಡ್ದನ ಬಾಗಿಸಲ್ಪಟ್ಟವರ ನೆನಪು ಅರಸನಿಗಿಂತ ದೀರ್ಘಕಾಲ ಬಾಳುವುದನ್ನು ತೋರಿಸುತ್ತದೆ.

ಕೋಟಿ ಚೆನ್ನಯರ ಪಾಡ್ದನದಲ್ಲಿ ಪ್ರಶ್ನೆ ಮಾತಿಗೆ ಸಂಬಂಧಿಸಿದ್ದು. ಬಲ್ಲಾಳನ ಕಾಲಿನ ಗಾಯವನ್ನು ಗುಣಪಡಿಸಿದ ದೇಯಿ ಬೈದೆತಿಗೆ ಕೊಟ್ಟ ಮಾತು ಅವಳ ಮಕ್ಕಳ ಕಾಲಕ್ಕೆ ನಡೆಯುವುದಿಲ್ಲ. ಮಕ್ಕಳು ಸಲ್ಲಬೇಕಾದುದನ್ನು ಕೇಳಿ, ಸಿಗದಾಗ ಪಡುಮಲೆಯ ಸೀಮೆಯನ್ನೇ ಬಿಟ್ಟು ಹೊರಡುತ್ತಾರೆ. ಆಳುವವನೂ ಆಡಿದ ಮಾತಿಗೆ ಕಟ್ಟುಬಿದ್ದವನು, ಮಾತು ಮುರಿದಾಗ ಅಧೀನತೆಯೂ ಮುರಿಯುತ್ತದೆ ಎಂಬ ಭಾವನೆ ಇಲ್ಲಿ ಕೆಲಸ ಮಾಡುತ್ತದೆ. ಒಪ್ಪಂದದ ಸಿದ್ಧಾಂತವನ್ನು ಇದರ ಮೇಲೆ ಹೇರಬೇಕಾಗಿಲ್ಲ. ಆದರೆ ಅಧಿಕಾರಕ್ಕೆ ಷರತ್ತುಂಟು ಎಂಬ ತಿಳುವಳಿಕೆ ಈ ನೆಲದಲ್ಲಿ ಫ್ರೆಂಚರ ಹಡಗಿಗಾಗಿ ಕಾಯುತ್ತಿರಲಿಲ್ಲ.

ಸಿರಿಯ ಕಥನ ಇನ್ನೂ ಮುಂದೆ ಹೋಗುತ್ತದೆ. ಮಾಚಾರು ಗೋಪಾಲ ನಾಯ್ಕರು ಹಾಡಿದ 15,683 ಸಾಲುಗಳ ಪಾಠವನ್ನು ಲೌರಿ ಹಾಂಕೊ ಅವರು ಚಿನ್ನಪ್ಪ ಗೌಡ, ಅನ್ನೆಲಿ ಹಾಂಕೊ, ವಿವೇಕ ರೈ ಅವರೊಡನೆ ಸೇರಿ 1998ರಲ್ಲಿ ಪ್ರಕಟಿಸಿದರು. ಪಾಠಾಂತರಗಳಲ್ಲಿ ವಿವರಗಳು ಬೇರೆಯಾದರೂ ಕಥೆಯ ನಡು ಒಂದೇ. ಅಜ್ಜನ ಸತ್ಯನಾಪುರದ ಅರಮನೆ ತನ್ನದೆಂಬ ಸಿರಿಯ ಹಕ್ಕಿಗೆ ನ್ಯಾಯ ದೊರೆಯುವುದಿಲ್ಲ, ಅರಮನೆ ಉರಿದುಹೋಗುತ್ತದೆ, ಗಂಡನೊಡನಿನ ಸಂಬಂಧವನ್ನು ಕಡಿದುಕೊಂಡು ಅವಳು ಹೊರಡುತ್ತಾಳೆ. ಅಳಿಯಕಟ್ಟಿನ ನಾಡಿನಲ್ಲಿಯೇ, ಹಿರಿಯರು ಕೂಡಿ ತೀರ್ಮಾನಿಸುವ ಪದ್ಧತಿ ಇದ್ದಲ್ಲಿಯೇ, ಹೆಣ್ಣೊಬ್ಬಳಿಗೆ ಸೊತ್ತಿನ ಹಕ್ಕು ತಪ್ಪಿತು ಎಂಬುದನ್ನು ಈ ಪರಂಪರೆ ಮರೆಯಲು ಬಿಡುವುದಿಲ್ಲ. ಪಾಡ್ದನಗಳನ್ನು ಗ್ರಾಮ ಗಣರಾಜ್ಯದ ಸಾಕ್ಷ್ಯವಾಗಿ ಬಳಸುವವರು ಅವು ಅದೇ ವ್ಯವಸ್ಥೆಯ ಮೇಲಿನ ದೂರುಗಳು ಎಂಬುದನ್ನು ಗಮನಿಸಿದಂತಿಲ್ಲ.

ಕೋಲದ ಆಚರಣೆಯಲ್ಲಿ ಈ ದ್ವಂದ್ವ ಕಣ್ಣಿಗೆ ಕಾಣುವಂತಿದೆ. ಪಂಬದ, ಪರವ, ನಲಿಕೆ ಸಮುದಾಯಗಳ ಕಲಾವಿದ ದೈವವಾಗಿ ನುಡಿ ಕೊಡುವಾಗ ಗುತ್ತಿನ ಯಜಮಾನ ಕೈಮುಗಿದು ನಿಲ್ಲುತ್ತಾನೆ, ಪ್ರಶ್ನೆಗಳಿಗೆ ಉತ್ತರಿಸುತ್ತಾನೆ. ಆ ಹೊತ್ತಿನಲ್ಲಿ ಪರಮಾಧಿಕಾರ ಕಲಾವಿದನ ಬಾಯಲ್ಲಿದೆ. ಆದರೆ ದೈವ ಗುತ್ತು ಬರ್ಕೆಗಳನ್ನು ಕರೆಯುವುದು ಅವುಗಳ ಅಂತಸ್ತಿನ ಅನುಕ್ರಮದಲ್ಲಿ. ಬೂಳ್ಯ ಸಲ್ಲುವುದೂ ಅದೇ ಅನುಕ್ರಮದಲ್ಲಿ. ಅಣಿ ಬಿಚ್ಚಿದ ಮೇಲೆ ಕಲಾವಿದನ ಸ್ಥಾನ ಚಾವಡಿಯ ಹೊರಗೆ. ಹೀಗೆ ಕೋಲ ಅಧಿಕಾರವನ್ನು ಪ್ರಶ್ನಿಸುವ ಅವಕಾಶವನ್ನೂ ಕೊಡುತ್ತದೆ, ಶ್ರೇಣಿಯನ್ನು ಪುನಃ ಸ್ಥಾಪಿಸಿಯೂ ಬಿಡುತ್ತದೆ. ಇದರಲ್ಲಿ ಮೊದಲನೆಯ ಅಂಶವನ್ನು ಮಾತ್ರ ಎತ್ತಿ ಹೇಳಿದರೆ ಅದು ಸ್ತುತಿಯಾಗುತ್ತದೆ. ಎರಡನೆಯದನ್ನು ಮಾತ್ರ ಹೇಳಿದರೆ ಹೊರಗಿಡಲ್ಪಟ್ಟವರು ಕಟ್ಟಿಕೊಂಡ ವಿಮರ್ಶೆಯ ಭಾಷೆಯನ್ನೇ ಕಡೆಗಣಿಸಿದಂತಾಗುತ್ತದೆ.

7

ಮೇಲಿನ ವಿವೇಚನೆಯಿಂದ ಗಣರಾಜ್ಯದ ಕಲ್ಪನೆಗೆ ಸಂಬಂಧಿಸಿ ಎರಡು ಪದರಗಳನ್ನು ಬೇರ್ಪಡಿಸಿ ನೋಡಬೇಕೆಂದು ಸ್ಪಷ್ಟವಾಗುತ್ತದೆ. ಒಂದು, ವ್ಯವಸ್ಥೆಯ ಹೆಸರಾಗಿ ಗಣರಾಜ್ಯ. ಈ ಅರ್ಥದಲ್ಲಿ ಬೊದಾನನ ಫ್ರಾನ್ಸ್, ಟಿಪ್ಪುವಿನ ಮೈಸೂರು, ಬಸ್ರೂರಿನ ಹಲರು, ಮೆಟ್‌ಕಾಫನ ಹಳ್ಳಿ ಎಲ್ಲವೂ ಅದರೊಳಗೆ ಸೇರಬಲ್ಲವು. ಎಲ್ಲವೂ ಸೇರುವುದರಿಂದಲೇ ಆ ಹೆಸರು ಹೆಚ್ಚೇನನ್ನೂ ತಿಳಿಸುವುದಿಲ್ಲ. ಇನ್ನೊಂದು, ಪ್ರಶ್ನೆಯಾಗಿ ಗಣರಾಜ್ಯ: ಸಮಾನವಾಗಿ ಸೇರಿದ್ದು ಯಾವುದು, ಅದು ಯಾರಿಗೆ ಸೇರಿದ್ದು? ಫ್ರಾನ್ಸಿನಲ್ಲಿ ಈ ಪ್ರಶ್ನೆಯನ್ನು ಲಾ ಬೊಎಸಿ ಕೇಳಿದ, ರೂಸೋ ಕೇಳಿದ, ಅವರಿಬ್ಬರನ್ನೂ ದಾಟಿ ಒಲೆಂಪ್ ದ ಗೂಜ್ ಕೇಳಿದಳು. ತುಳುನಾಡಿನಲ್ಲಿ ಅದನ್ನು ಕೈ ಕಳೆದುಕೊಂಡ ಶಿಲ್ಪಿಯ, ಮನೆ ಕಳೆದುಕೊಂಡ ಹೆಣ್ಣಿನ ಕಥೆಗಳನ್ನು ಹಾಡುತ್ತ ಬಂದವರು ಕೇಳಿದರು. ಒಂದು ಪರಂಪರೆ ಇನ್ನೊಂದರ ಪ್ರಭಾವಕ್ಕೆ ಒಳಗಾಯಿತೆಂದು ಹೇಳಲು ಆಧಾರವಿಲ್ಲ, ಹಾಗೆ ಹೇಳುವ ಅಗತ್ಯವೂ ಇಲ್ಲ.

ಈ ಪ್ರಶ್ನೆಗೆ ಆಚರಣೆಯ ಹೊರಗೆ ಉತ್ತರ ಹುಡುಕುವ ಯತ್ನಗಳು ಮಂಗಳೂರಿನಲ್ಲಿ ತಡವಾಗಿ ಆರಂಭವಾದವು. ಜೀತದ ಕಾನೂನುಮಾನ್ಯತೆ 1843ರ ಐದನೆಯ ಕಾಯಿದೆಯಿಂದ ಇಲ್ಲವಾಯಿತು. 1897ರಲ್ಲಿ ಕುದ್ಮುಲ್ ರಂಗರಾಯರು ದಲಿತೋದ್ಧಾರಕ್ಕಾಗಿ ಸಂಸ್ಥೆಯನ್ನು ಕಟ್ಟಿ ಶಾಲೆಗಳನ್ನು ತೆರೆದರು. 1974ರ ಭೂಸುಧಾರಣಾ ತಿದ್ದುಪಡಿಯಿಂದ ದಕ್ಷಿಣ ಕನ್ನಡದ ಅಸಂಖ್ಯ ಗೇಣಿದಾರರು ಉಳುವ ಭೂಮಿಗೆ ಒಡೆಯರಾದರು. ಗದ್ದೆಗಳು ಕೈಬಿಟ್ಟ ಮೇಲೂ ಗುತ್ತಿನ ಮನೆಗಳಿಗೆ ನೇಮದ ಕಳದಲ್ಲಿ ಮೊದಲ ಮರ್ಯಾದೆ ಉಳಿದಿರುವುದು, ಸೊತ್ತು ಹಂಚಿಹೋದಷ್ಟು ಬೇಗ ಗೌರವ ಹಂಚಿಹೋಗದು ಎಂಬುದಕ್ಕೆ ನಿದರ್ಶನ.

ಆದುದರಿಂದ ಜಾನಪದ ಸಂಶೋಧನೆಯ ಮುಂದಿರುವ ಕೆಲಸ ತುಳುನಾಡಿಗೆ ಗಣರಾಜ್ಯವೆಂಬ ಬಿರುದನ್ನು ತೊಡಿಸುವುದಲ್ಲ. ಹಲರು, ಸಮಸ್ತರು, ಕೂಟ ಎಂಬ ಪದಗಳು ಪ್ರತಿಯೊಂದು ಊರಿನಲ್ಲಿ, ಪ್ರತಿಯೊಂದು ಕಾಲದಲ್ಲಿ ಯಾರನ್ನು ಒಳಗೊಂಡವು, ಯಾರನ್ನು ಹೊರಗಿಟ್ಟವು ಎಂಬುದನ್ನು ಶಾಸನ, ಕಡತ, ಪಾಡ್ದನ, ನುಡಿಕಟ್ಟುಗಳ ಆಧಾರದಿಂದ ಗುರುತಿಸುವುದು ಆಗಬೇಕಾಗಿದೆ. 'ಸಮಸ್ತರು' ಎಂಬ ಪದ ಅದರ ಪೂರ್ಣ ಅರ್ಥದಲ್ಲಿ ಬಳಕೆಗೆ ಬಂದ ದಿನ ಗಣರಾಜ್ಯ ಎಂಬ ಪದಕ್ಕೆ ಈ ನಾಡಿನಲ್ಲಿ ಬೇರೆ ಅನುವಾದ ಬೇಕಾಗುವುದಿಲ್ಲ.